ಕಾರ್ಪೆಟ್ ಮೇಲೆ ಟವರ್ ಸ್ಪೀಕರ್ ಅಲುಗಾಡದಂತೆ ನಿಲ್ಲಿಸುವುದು

ಟವರ್ ಸ್ಪೀಕರಿನ ನೆತ್ತಿಯನ್ನು ಬೆರಳಿಂದ ಮೆಲ್ಲಗೆ ತಳ್ಳಿ ನೋಡಿ. ಹಿಂದೆ ಮುಂದೆ ತೂಗಾಡಿದರೆ ಅದರ ಭಾರ ನೆಲಕ್ಕೆ ಇಳಿದಿಲ್ಲ; ಕಾರ್ಪೆಟ್ಟಿನ ಎಳೆ, ಅದರಡಿಯ ಫೋಮ್ ಹೊತ್ತುಕೊಂಡಿವೆ. ಸ್ಪೀಕರಿನ ತಳಕ್ಕೆ ತಿರುಗಿಸಿ ಕೂರಿಸುವ ಚೂಪು ಲೋಹದ ಕಾಲು, ಅಂದರೆ ಸ್ಪೈಕ್, ಇರುವುದೇ ಇವೆರಡನ್ನೂ ತೂರಿ ಗಟ್ಟಿ ನೆಲ ಮುಟ್ಟಲು.

ಹೆಚ್ಚಿನ ಕಡೆ ಕೆಡುವುದು ಸ್ಪೈಕಿನ ಉದ್ದದಲ್ಲಿ. ದಬ್ಬಣವೊಂದನ್ನು ನೆಲ ತಾಗುವವರೆಗೆ ಚುಚ್ಚಿ, ಕಾರ್ಪೆಟ್ಟಿನ ಮೇಲ್ಮೈಗೆ ಗುರುತು ಹಾಕಿ ಅಳೆಯಿರಿ. 12 ಮಿ.ಮೀ. ಕಾರ್ಪೆಟ್, 9 ಮಿ.ಮೀ. ಫೋಮ್ ಇದ್ದರೆ, ಸ್ಪೈಕ್ ಸಡಿಲವಾಗದಂತೆ ತಳಕ್ಕೆ ಒತ್ತಿ ಬಿಗಿಯುವ ಚೆಕ್ ನಟ್‌ನಿಂದ ಕೆಳಗೆ ಕನಿಷ್ಠ 25 ಮಿ.ಮೀ. ಸ್ಪೈಕ್ ಕಾಣಬೇಕು. ಒಳಗೂ 8–10 ಮಿ.ಮೀ. ಮರೆ (ಸ್ಪೈಕಿನ ಸುರುಳಿ ಗೆರೆ, ಥ್ರೆಡ್) ಹಿಡಿದಿರಲಿ. ಮರೆ ಎಂ6 ಅಥವಾ ಎಂ8 (6 ಅಥವಾ 8 ಮಿ.ಮೀ. ವ್ಯಾಸದ್ದು) ಇರುವುದೇ ಹೆಚ್ಚು. ಅಂಗಡಿಗೆ ಹಳೆಯದನ್ನು ಒಯ್ದು ಹೊಂದಿಸಿ. ದುಬಾರಿ ಹಿತ್ತಾಳೆ ಸ್ಪೈಕಿಗೆ ದುಡ್ಡು ಸುರಿಯುವುದು ನನ್ನ ಮಟ್ಟಿಗೆ ದಂಡ, ಉದ್ದ ಸರಿಯಿದ್ದರೆ ಸಾದಾ ಉಕ್ಕು ಸಾಕು.

ಸ್ಪೀಕರನ್ನು ಕಂಬಳಿಯ ಮೇಲೆ ಮಲಗಿಸಿ ನಾಲ್ಕೂ ಸ್ಪೈಕ್ ಸಮನಾಗಿ ತಿರುಗಿಸಿ, ನಟ್ ಸಡಿಲ ಬಿಡಿ. ಇಬ್ಬರು ಹಿಡಿದು ನೆಟ್ಟಗೆ ಎತ್ತಿಡಿ. ನೆಲದ ಮೇಲೆ ಎಳೆದರೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಒಳಗೆ ಕೂರಿಸಿದ ಲೋಹದ ಮರೆಯೇ ಕಿತ್ತು ಬರಬಹುದು. ರಸಮಟ್ಟ ಇಟ್ಟು ನೋಡಿ. ಬೆರಳಲ್ಲೇ ಸಲೀಸಾಗಿ ತಿರುಗುವ ಸ್ಪೈಕ್ ಭಾರ ಹೊತ್ತಿಲ್ಲ, ಅದನ್ನು ಹೊರಕ್ಕೆ ಇಳಿಸಿ. ಎಂ8 ಒಂದು ಸುತ್ತಿಗೆ 1.25 ಮಿ.ಮೀ. ಇಳಿಯುವುದರಿಂದ ಕಾಲು ಕಾಲು ಸುತ್ತಾಗಿ ಮುಂದುವರಿಯಿರಿ. ಕೊನೆಗೆ 13ರ ಸ್ಪ್ಯಾನರಿನಿಂದ (ಎಂ6ಗೆ 10) ನಟ್ ಬಿಗಿಸಿ, ಅತಿಯಾಗಿ ಬೇಡ.

ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿದ ಮನೆಗಳಲ್ಲಿ ಗೋಡೆಯಂಚಿಗೆ, ಕಾರ್ಪೆಟ್ಟಿನಡಿ, ಅದರ ಅಂಚನ್ನು ಹಿಡಿದಿಡುವ ಮೊಳೆಪಟ್ಟಿ ಇರುತ್ತದೆ. ಹಿಂಗಾಲು ಅದರ ಮೇಲೆ ಕೂತರೆ ಸ್ಪೀಕರ್ ಮುಂದಕ್ಕೆ ಬಾಗುತ್ತದೆ.

ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿ ಸಮಸ್ಯೆಯೇ ಬೇರೆ: ಟೈಲ್ಸ್ ಮೇಲೆ ಬಿಡಿ ಕಾರ್ಪೆಟ್, ಮುಂಗಾಲು ಅದರ ಮೇಲೆ, ಹಿಂಗಾಲು ಟೈಲ್ಸ್ ಮೇಲೆ. ಇಲ್ಲಿ ಸ್ಪೈಕ್ ಚುಚ್ಚಿದರೆ ಟೈಲ್ಸ್ ಚಕ್ಕೆ ಏಳಬಹುದು. ಕಾರ್ಪೆಟ್ಟನ್ನೇ ಸರಿಸಿ ನಾಲ್ಕೂ ರಬ್ಬರ್ ಕಾಲು ಟೈಲ್ಸ್ ಮೇಲಿರಲಿ. ಸರಿಸಲಾಗದಿದ್ದರೆ ಸ್ಪೀಕರ್ ತಳಕ್ಕಿಂತ ಸುತ್ತ 5 ಸೆಂ.ಮೀ. ಅಗಲವಾದ, 20 ಮಿ.ಮೀ. ದಪ್ಪದ ಗ್ರಾನೈಟ್ ತುಂಡು ಹಾಕಿ, 40×30 ಸೆಂ.ಮೀ. ತುಂಡು ಆರೂವರೆ ಕಿಲೋ ತೂಗುತ್ತದೆ. ಅಡಿಯಲ್ಲಿ ದಪ್ಪ ಫೋಮ್ ಇದ್ದರೆ ಕಲ್ಲೂ ತೂಗಾಡುತ್ತದೆ, ಅಲ್ಲಿ ಈ ಉಪಾಯ ಬೇಡ.

ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರೆ ಇಷ್ಟೆಲ್ಲ ಮಾಡಿದ ಮೇಲೂ ಸ್ಪೀಕರಿನ ಬೆನ್ನಿಂದ ಗೋಡೆಗೆ ಒಂದು ಪಟ್ಟಿ ಕಟ್ಟಲೇಬೇಕು.