ಶೀಟ್ ಅಂಟಿಸುವ ಮುನ್ನ ಸದ್ದಿನ ಜಾಗ ಹುಡುಕಿ

ಕಾರಿನೊಳಗಿನ ಸದ್ದು ತಡೆಯಲಾರದೆ ಬ್ಯುಟೈಲ್ ಡ್ಯಾಂಪಿಂಗ್ ಶೀಟ್ (ಮೇಲೆ ಅಲ್ಯೂಮಿನಿಯಂ ಹಾಳೆಯಿರುವ, ಅದುರು ತಗ್ಗಿಸುವ ಅಂಟು ರಬ್ಬರ್ ಶೀಟ್) ತಂದು ನಾಲ್ಕೂ ಡೋರಿಗೆ ಹೊದಿಸಿ, ಆಮೇಲೂ ಅದೇ ಕಟಕಟ ಕೇಳುತ್ತಿದೆ ಎನ್ನುವವರು ಬಹಳ ಮಂದಿ. ಶೀಟ್ ಕಳಪೆ ಎಂದು ಅವರು ತೀರ್ಮಾನಿಸುತ್ತಾರೆ. ಹೆಚ್ಚಿನ ಸಲ ಆಗಿರುವುದೇನೆಂದರೆ, ಶೀಟಿನಿಂದ ಆಗದ ಕೆಲಸವನ್ನು ಅದಕ್ಕೆ ಒಪ್ಪಿಸಲಾಗಿರುತ್ತದೆ.

ಕಿವಿಗೆ ಬೀಳುವ ಸದ್ದು ಮೂರು ಬಗೆ. ಡೋರಿನ ಅಥವಾ ಛಾವಣಿಯ ಅಗಲವಾದ ತಗಡು ತಾನೇ ಅದುರಿ ಗುಂಯ್‌ಗುಡುವುದು ಒಂದು. ಎರಡು ಗಟ್ಟಿ ಭಾಗಗಳು ಒಂದಕ್ಕೊಂದು ಬಡಿದು ಕಟಕಟ ಎನ್ನುವುದು ಇನ್ನೊಂದು. ತಾಗಿಕೊಂಡಿರುವ ಎರಡು ಮೈಗಳು ಹಿಡಿದು ಜಾರಿ, ಹಿಡಿದು ಜಾರಿ ಕಿರ್ ಎನ್ನುವುದು ಮೂರನೆಯದು. ಬ್ಯುಟೈಲ್ ಶೀಟ್ ನೇರವಾಗಿ ತಗ್ಗಿಸುವುದು ಮೊದಲನೆಯದನ್ನು ಮಾತ್ರ. ತಗಡು ಬಾಗಿದಾಗ ಅದಕ್ಕೂ ಮೇಲಿನ ಅಲ್ಯೂಮಿನಿಯಂ ಹಾಳೆಗೂ ನಡುವೆ ಸಿಕ್ಕಿದ ಬ್ಯುಟೈಲ್ ಅಡ್ಡಡ್ಡ ಎಳೆದಾಡಿ, ಅದುರಿನ ಶಕ್ತಿಯನ್ನು ಸಣ್ಣ ಪ್ರಮಾಣದ ಶಾಖವಾಗಿ ಕಳೆಯುತ್ತದೆ. ಮೇಲಿನ ಹಾಳೆ ತೀರಾ ತೆಳುವಾಗಿದ್ದರೆ ಈ ಎಳೆತವೇ ಹುಟ್ಟುವುದಿಲ್ಲ. ಸುಮಾರು 2 ಮಿ.ಮೀ. ದಪ್ಪದ ಶೀಟಿಗೆ 0.1 ಮಿ.ಮೀ. ಆಸುಪಾಸಿನ ಹಾಳೆ ಇರಲಿ. ಕಟಕಟಕ್ಕೆ ಮದ್ದು ನೀರು ಹೀರದ, ಮುಚ್ಚಿದ ಕೋಶಗಳ ಫೋಮ್ ಅಥವಾ ಸಡಿಲ ಭಾಗವನ್ನು ಬಿಗಿಮಾಡುವುದು, ಕಿರ್‌ಗೆ ಮದ್ದು ಫೆಲ್ಟ್ (ಒತ್ತಿದ ನಾರಿನ ಮೆತ್ತನೆ ಬಟ್ಟೆ) ಟೇಪ್. ಆದ್ದರಿಂದ ಪತ್ತೆ ಮೊದಲು, ಖರೀದಿ ಆಮೇಲೆ.

ಪತ್ತೆಗೆ ಕಾರನ್ನು ಪೂರ್ತಿ ಖಾಲಿ ಮಾಡಿ. ಗ್ಲೋವ್‌ಬಾಕ್ಸ್, ಡೋರ್ ಪಾಕೆಟ್, ಕನ್ನಡಕದ ಡಬ್ಬಿ, ಡಿಕ್ಕಿ ಎಲ್ಲವೂ ಬರಿದಾಗಲಿ. ಸ್ಟೆಪ್ನಿಯ ಬೋಲ್ಟ್ ಬಿಗಿಮಾಡಿ, ಜಾಕ್ ಮತ್ತು ಪಾನಾಗಳನ್ನು ಇಳಿಸಿ ನೋಡಿ. ಖಾಲಿ ಹಿಂದಿನ ಸೀಟಿನ ಬೆಲ್ಟ್ ಬಕಲ್ ಪ್ಲಾಸ್ಟಿಕ್ಕಿಗೆ ಬಡಿಯುತ್ತಿರುವುದೂ ಸಾಮಾನ್ಯ. ಬಳಿಕ ಇಂಜಿನ್ ಆರಿಸಿ, ನಿಂತ ಕಾರಿನ ಸ್ಟೀರಿಯೊದಲ್ಲಿ 30ರಿಂದ 200 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಸ್ವರವನ್ನು ಹದವಾದ ವಾಲ್ಯೂಮಿನಲ್ಲಿ ನುಡಿಸಿ. ಜೋರು ಮಾಡಿದರೆ ಸ್ಪೀಕರಿಗೇ ಪೆಟ್ಟು. ಸದ್ದು ಎದ್ದ ಕಡೆ ಸ್ವರವನ್ನು ಅಲ್ಲೇ ನಿಲ್ಲಿಸಿ, ಬೆರಳಿನಿಂದ ಒಂದೊಂದೇ ಭಾಗವನ್ನು ಒತ್ತುತ್ತಾ ಹೋಗಿ. ಒತ್ತಿದಾಗ ನಿಂತು, ಬಿಟ್ಟಾಗ ಮತ್ತೆ ಶುರುವಾದರೆ ಜಾಗ ಸಿಕ್ಕಿತು. ಅಲ್ಲಿ ಮಾಸ್ಕಿಂಗ್ ಟೇಪಿನ ಚೂರು ಅಂಟಿಸಿ ಗುರುತು ಮಾಡಿ. ಓಡುವಾಗ ಮಾತ್ರ ಬರುವ ಸದ್ದಿಗೆ ಇನ್ನೊಬ್ಬರು ಕಾರು ಓಡಿಸಲಿ, ನೀವು ಒತ್ತಿ ನೋಡಿ. ಓಡಿಸುತ್ತಲೇ ಹುಡುಕುವುದು ಅಪಾಯ.

ಡೋರಿನ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚು ಕೆಡುವುದು ಅಲ್ಲೇ. ಗಾಜನ್ನು ಪೂರ್ತಿ ಏರಿಸಿ, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ ಹತ್ತು ನಿಮಿಷ ಬಿಡಿ. ಕೆಲವು ಕಾರುಗಳು ಆಮೇಲೆ ಸ್ಟೀರಿಯೊ ಕೋಡ್ ಕೇಳುತ್ತವೆ, ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಹಿಡಿಕೆಯ ಹಿಂದೆ, ಕೈಯೂರುವ ಭಾಗದ ಮುಚ್ಚಳದ ಕೆಳಗೆ ಅಡಗಿದ ಸ್ಕ್ರೂಗಳನ್ನೆಲ್ಲ ತೆಗೆದ ಮೇಲಷ್ಟೇ ಪ್ಲಾಸ್ಟಿಕ್ ಟೂಲಿನಿಂದ ಡೋರ್ ಟ್ರಿಮ್ಮಿನ (ಡೋರಿನ ಒಳಬದಿಯ ಹೊದಿಕೆಯ) ಕ್ಲಿಪ್ ಎಬ್ಬಿಸಿ. ಮುರಿದ ಕ್ಲಿಪ್ಪನ್ನು ಹಾಗೇ ಒತ್ತಿ ಕೂರಿಸಿದರೆ ಅದೇ ಹೊಸ ಕಟಕಟವಾಗುತ್ತದೆ. ಪ್ರತಿ ಡೋರಿಗೆ ನಾಲ್ಕೈದು ಹೊಸ ಕ್ಲಿಪ್ ಕೈಯಲ್ಲಿರಲಿ.

ಒಳಗಿನ ತೇವ ತಡೆಯುವ ಹಾಳೆಯನ್ನು ಹರಿಯದಂತೆ ಬಿಡಿಸಿ. ಈಗ ಹೊರ ತಗಡಿನ ಒಳಮೈಯನ್ನು ಗೆಣ್ಣಿನಿಂದ ತಟ್ಟಿ. ಠಣ್ ಎಂದು ಎಳೆದು ನುಡಿಯುವ ಜಾಗಕ್ಕೆ ಶೀಟ್ ಬೇಕು, ದಬ್ ಎಂದು ನಿಲ್ಲುವ ಜಾಗಕ್ಕೆ ಬೇಡ. ಬಾರಿಸಿದ ತಟ್ಟೆಯ ನಡುವೆ ಬೆರಳಿಟ್ಟರೆ ಸಾಕು, ನಾದ ನಿಲ್ಲುತ್ತದೆ. ತಗಡಿಗೂ ಹಾಗೆಯೇ, ವಿಸ್ತೀರ್ಣದ ಕಾಲು ಭಾಗದಿಂದ ಅರ್ಧದಷ್ಟು, ಅದೂ ಮಧ್ಯದಲ್ಲಿ ಮುಚ್ಚಿದರೆ ಸಿಗಬೇಕಾದ ಲಾಭದ ದೊಡ್ಡ ಪಾಲು ಸಿಕ್ಕಿರುತ್ತದೆ. ಉಳಿದದ್ದು ಬರೀ ತೂಕ. 2 ಮಿ.ಮೀ. ಶೀಟ್ ಚದರ ಮೀಟರಿಗೆ ಮೂರರಿಂದ ನಾಲ್ಕು ಕಿಲೋ ತೂಗುತ್ತದೆ. ನಾಲ್ಕು ಡೋರುಗಳ ಹೊರ ತಗಡಿಗೆ ಒಂದೂವರೆ ಚದರ ಮೀಟರ್ ಧಾರಾಳ.

ತಗಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಒಣಗಲು ಬಿಡಿ. ಕಾರ್ಖಾನೆಯಲ್ಲಿ ತುಕ್ಕು ತಡೆಗೆ ಹೊಡೆದ ಮೇಣದ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ, ಅದನ್ನು ಕೆರೆಯಲೂಬೇಡಿ, ಆ ಜಾಗ ಬಿಟ್ಟುಬಿಡಿ. ಒಳ ತಗಡಿನ ತೂತಿನಿಂದ ತೂರುವಂತೆ ಶೀಟನ್ನು 15 × 20 ಸೆಂ.ಮೀ. ತುಂಡುಗಳಾಗಿ ಕತ್ತರಿಸಿ ಅಂಟಿಸಿ. ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಅಲ್ಯೂಮಿನಿಯಂ ಹಾಳೆಯ ಅಂಚು ಬ್ಲೇಡಿನಷ್ಟೇ ಹರಿತ. ಚಳಿಯಲ್ಲಿ ಬ್ಯುಟೈಲ್ ಬಿರುಸಾಗಿರುತ್ತದೆ, ಹೇರ್ ಡ್ರೈಯರಿನಿಂದ ಸ್ವಲ್ಪ ಬೆಚ್ಚಗೆ ಮಾಡಿ. ಆಮೇಲೆ ರೋಲರ್. ಹಾಳೆಯ ಮೇಲಿನ ಉಬ್ಬು ಗೆರೆಗಳು ಪೂರ್ತಿ ಮಾಯವಾಗುವ ತನಕ ಒತ್ತಿ ಉರುಳಿಸಬೇಕು, ಅಂಚುಗಳನ್ನು ಎರಡು ಸಲ. ಗೆರೆ ಉಳಿದ ಕಡೆ ಅಡಿಯಲ್ಲಿ ಗಾಳಿ ಉಳಿದಿದೆ ಎಂದರ್ಥ. ಅಲ್ಲಿ ನೀರು ಕೂತು ತುಕ್ಕು ಶುರುವಾಗುತ್ತದೆ. ಡೋರಿನ ತಳದ ನೀರು ಹೋಗುವ ತೂತುಗಳ ಮೇಲೆ ಐದು ಸೆಂ.ಮೀ. ಖಾಲಿ ಬಿಡಿ.

ಹೊಸ ಕಾರುಗಳಲ್ಲಿ ಪಕ್ಕದಿಂದ ಆಗುವ ಅಪಘಾತವನ್ನು ಗುರುತಿಸಲು ಡೋರಿನೊಳಗಿನ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುವುದುಂಟು. ಹಾಗಾಗಿ ಒಳ ತಗಡಿಗೆ ಹೊಸ ತೂತು ಕೊರೆಯುವುದಾಗಲಿ, ಇರುವ ತೂತುಗಳನ್ನು ಮನಬಂದಂತೆ ಮುಚ್ಚುವುದಾಗಲಿ ಬೇಡವೇ ಬೇಡ. ಬಿಡಿಸಿದ ತೇವ ತಡೆಯುವ ಹಾಳೆಯನ್ನೇ ಮೊದಲಿದ್ದಂತೆ ಸುತ್ತಲೂ ಬಿಗಿಯಾಗಿ ಅಂಟಿಸಿ.

ಟ್ರಿಮ್ ಹಾಕುವ ಮುನ್ನ ನೇತಾಡುವ ವೈರುಗಳಿಗೆ, ಕನೆಕ್ಟರುಗಳಿಗೆ ಫೆಲ್ಟ್ ಟೇಪ್ ಸುತ್ತಿ. ಲಾಕ್ ಸರಳಿಗೆ ತೆಳು ಫೋಮ್ ಸಾಕು, ಸರಳಿನ ಓಡಾಟ ಬಿಗಿಯಾಗಬಾರದು. ಡೋರ್ ತೆರೆದಿರುವಾಗಲೇ ಸ್ಕ್ರೂಡ್ರೈವರಿನಿಂದ ಲ್ಯಾಚ್ (ಡೋರಿನ ಅಂಚಿನಲ್ಲಿರುವ ಲಾಕಿನ ಕೊಕ್ಕೆ) ತಿರುಗಿಸಿ, ಒಳ ಮತ್ತು ಹೊರ ಹಿಡಿಕೆ ಎಳೆದು ಬಿಡುತ್ತದೆಯೇ ಪರೀಕ್ಷಿಸಿ. ಇದನ್ನು ಮಾಡದೆ ಡೋರ್ ಮುಚ್ಚಿ, ಆಮೇಲೆ ತೆರೆಯಲಾಗದಿದ್ದರೆ ಟ್ರಿಮ್ ಒಡೆಯಬೇಕಾದೀತು. ಟ್ರಿಮ್ಮಿಗೂ ತಗಡಿಗೂ ನಡುವೆ 3 ಮಿ.ಮೀ. ಫೋಮ್ ಸಾಕು. 6 ಮಿ.ಮೀ. ಹಾಕಿದರೆ ಕ್ಲಿಪ್ ಪೂರ್ತಿ ಕೂರದೆ ಟ್ರಿಮ್ ಉಬ್ಬಿ ನಿಲ್ಲುತ್ತದೆ. ಸ್ಪಂಜಿನಂಥ ತೆರೆದ ಕೋಶದ ಫೋಮ್ ನೀರು ಹೀರುತ್ತದೆ, ಡೋರಿನೊಳಗೆ ಅದಕ್ಕೆ ಜಾಗವಿಲ್ಲ. ಅಗ್ಗದ ಡಾಂಬರು ಶೀಟೂ ಬಿಸಿಲಿಗೆ ಮೆತ್ತಗಾಗಿ ವಾಸನೆ ಬಿಟ್ಟು ಜಾರುತ್ತದೆ.

ಡಿಕ್ಕಿಯ ಮುಚ್ಚಳಕ್ಕೆ ಶೀಟ್ ಹಾಕುವ ಮೊದಲು ಅದರ ರಬ್ಬರ್ ಗುಬ್ಬಿಗಳನ್ನು ನೋಡಿ. ಗುಬ್ಬಿಯ ಮೇಲೆ ಕಾಗದದ ಪಟ್ಟಿಯಿಟ್ಟು ಮುಚ್ಚಿ, ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಮುಚ್ಚಳ ಅಲ್ಲಿ ಕೂತಿಲ್ಲ; ತಿರುಗಿಸಿ ಎತ್ತರಿಸುವ ಗುಬ್ಬಿಯಾದರೆ ಅರ್ಧ ಸುತ್ತು ಎತ್ತರಿಸಿ ಮತ್ತೆ ನೋಡಿ. ಶೀಟ್ ಹೆಚ್ಚಾದರೆ ಭಾರಕ್ಕೆ ಮುಚ್ಚಳವನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ ಸೋತು ಮುಚ್ಚಳ ತಾನೇ ಇಳಿಯುತ್ತದೆ. ನಂಬರ್ ಪ್ಲೇಟಿನ ಹಿಂದೆ ಫೋಮ್ ಪಟ್ಟಿ, ಹಿಂದಿನ ಸೀಟು ಸಿಕ್ಕಿಕೊಳ್ಳುವ ಕೊಂಡಿಗೆ ಒಂದು ಸುತ್ತು ಬಟ್ಟೆ ಟೇಪ್. ಸೀಟು ಪೂರ್ತಿ ಲಾಕ್ ಆಗುತ್ತದೆಯೇ ಎಂದು ಮಾತ್ರ ಖಚಿತಪಡಿಸಿಕೊಳ್ಳಿ.

ಮುಂದಿನ ಮತ್ತು ಹಿಂದಿನ ಡೋರುಗಳ ನಡುವಿನ ಕಂಬದ ಸಣ್ಣ ಟಕಟಕ ಹಲವು ಸಲ ಸೀಟ್ ಬೆಲ್ಟ್ ಸುರುಳಿಯೊಳಗಿನ ಸೆನ್ಸರ್ ಗುಂಡಿನದು. ಬೆಲ್ಟ್ ಬಾಧೆಯಿಲ್ಲದೆ ಕೆಲಸ ಮಾಡುತ್ತಿದ್ದರೆ ಸುರುಳಿಗೆ ಕೈ ಹಾಕಬೇಡಿ. ಏರ್‌ಬ್ಯಾಗ್ ಮುಚ್ಚಳಗಳ ಮೇಲೆ, ಛಾವಣಿಯ ಅಂಚಿನ ಕರ್ಟನ್ ಏರ್‌ಬ್ಯಾಗ್ ದಾರಿಯಲ್ಲಿ ಏನನ್ನೂ ಅಂಟಿಸುವಂತಿಲ್ಲ.

ಕಾರಿನ ಅಡಿಯಿಂದ ಬರುವ ಸದ್ದಿಗೆ ಒಳಗಿನಿಂದ ಶೀಟ್ ಹೊದಿಸುವುದನ್ನು ನಾನು ಒಪ್ಪುವುದೇ ಇಲ್ಲ. ಇಂಜಿನ್ ಐಡಲಿನಲ್ಲಿದ್ದಾಗ ಜಿರ್‍ರ್ ಎಂದರೆ ಸೈಲೆನ್ಸರಿನ ಹೀಟ್ ಶೀಲ್ಡ್ (ಬಿಸಿ ತಡೆಯುವ ತಗಡು) ನೋಡಿ: ಬೋಲ್ಟಿನ ಸುತ್ತ ತುಕ್ಕು ತಿಂದು ತೂತು ಅಗಲವಾಗಿರುತ್ತದೆ, ಅಗಲ ವಾಷರ್ ಹಾಕಿ ಬಿಗಿದರೆ ಮುಗಿಯಿತು. ಆ ಬಿಸಿಗೆ ಬ್ಯುಟೈಲ್ ನಿಲ್ಲದು. ಚಿಕ್ಕ ಗುಂಡಿಗಳ ಮೇಲೆ ನಿಧಾನಕ್ಕೆ ಹೋಗುವಾಗ ಟಕ್ ಟಕ್ ಎಂದರೆ ಸ್ಟೆಬಿಲೈಸರ್ ಲಿಂಕ್ ರಾಡ್ (ಕಾರು ಓಲಾಡದಂತೆ ತಡೆಯುವ ಸರಳನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಕೊಂಡಿ) ಸವೆದಿರಬಹುದು. ನಾಲ್ಕೂ ಚಕ್ರ ನೆಲದ ಮೇಲಿದ್ದು, ಇಂಜಿನ್ ಆರಿ, ಹ್ಯಾಂಡ್ ಬ್ರೇಕ್ ಹಾಕಿರುವಾಗ ಲಿಂಕನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಬಾಲ್ ಜಾಯಿಂಟಿನಲ್ಲಿ ಸಡಿಲ ಸಿಕ್ಕಿದರೆ ಎಡ ಬಲ ಎರಡನ್ನೂ ಜೊತೆಗೇ ಬದಲಿಸಿ.