ಎರಡು ಬಣ್ಣ ಬೆರೆಸಿದರೆ ಒಂದೇ ಬಣ್ಣ: ನ್ಯಾನೋತಂತಿಯ ಬೆಳಕು

ಕತ್ತಲಾದ ಮೇಲೆ ಮಲ್ಪೆ ಬಂದರಿಗೆ ಬರುವ ಬೋಟನ್ನು ಎದುರಿನಿಂದ ನೋಡಿದ್ದೀರಾ? ಬೋಟಿನ ಎಡಬದಿಗೆ ಕೆಂಪು ದೀಪ, ಬಲಬದಿಗೆ ಹಸಿರು. ಎರಡೂ ಬೇರೆಬೇರೆಯಾಗೇ ಕಾಣುತ್ತವೆ.

ಈಗ ನಮ್ಮ ವಿಷಯ. ಕ್ಯಾಡ್ಮಿಯಂ ಸಲ್ಫೈಡ್ ಅನ್ನುವ ಅರೆವಾಹಕ ಹಸಿರು ಬೆಳಕು ಕೊಡುತ್ತದೆ, ಕ್ಯಾಡ್ಮಿಯಂ ಸೆಲೆನೈಡ್ ಕಡುಗೆಂಪು. ಎರಡನ್ನೂ ಬೆರೆಸಿ ಒಂದೇ ನ್ಯಾನೋತಂತಿ (ದಪ್ಪವನ್ನು ನ್ಯಾನೋಮೀಟರಿನಲ್ಲಿ ಅಳೆಯುವಷ್ಟು ತೆಳ್ಳಗಿನ ಹರಳಿನ ತಂತಿ) ಬೆಳೆಸಿದರೆ ಬೋಟಿನ ಹಾಗೆ ಎರಡು ಬಣ್ಣ ಬರಬೇಕು, ಅಲ್ವಾ? ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಬರುವುದು ಒಂದೇ ಬಣ್ಣ, ಇವೆರಡರ ನಡುವಿನದು.

ಕಾರಣ ಇಷ್ಟು. ಎಲೆಕ್ಟ್ರಾನ್ ಒಂದೇ ಪರಮಾಣುವಿಗೆ ಅಂಟಿಕೊಂಡಿರುವುದಿಲ್ಲ, ಎಷ್ಟೋ ಪರಮಾಣುಗಳ ಮೇಲೆ ಹರಡಿರುತ್ತದೆ. ಸಲ್ಫರ್, ಸೆಲೆನಿಯಂ ಚೆನ್ನಾಗಿ ಬೆರೆತಿದ್ದರೆ ಎಲೆಕ್ಟ್ರಾನಿನ ಪಾಲಿಗೆ ಅದು ಒಂದೇ ಹರಳು, ಒಂದೇ ಬ್ಯಾಂಡ್ ಗ್ಯಾಪ್, ಅಂದರೆ ಎಲೆಕ್ಟ್ರಾನ್ ಇರಬಹುದಾದ ಮೇಲಿನ, ಕೆಳಗಿನ ಶಕ್ತಿಮಟ್ಟಗಳ ನಡುವಿನ ಅಂತರ. ಎಲೆಕ್ಟ್ರಾನ್ ಮೇಲಿನಿಂದ ಇಳಿದು ಹೋಲ್ (ಕೆಳಗಿನ ಮಟ್ಟದಲ್ಲಿ ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗ) ಜೊತೆ ಸೇರಿದಾಗ ಹೆಚ್ಚುಕಡಿಮೆ ಆ ಗ್ಯಾಪಿನಷ್ಟೇ ಶಕ್ತಿ ಬೆಳಕಾಗಿ ಹೊರಬರುತ್ತದೆ.

ಲೆಕ್ಕ ಮಾಡಿ ನೋಡಿ. 1240 ಅನ್ನು ಎಲೆಕ್ಟ್ರಾನ್ ವೋಲ್ಟಿನಲ್ಲಿರುವ (ಶಕ್ತಿಯ ಅಳತೆ) ಗ್ಯಾಪಿನಿಂದ ಭಾಗಿಸಿದರೆ ತರಂಗಾಂತರ ನ್ಯಾನೋಮೀಟರಿನಲ್ಲಿ ಸಿಗುತ್ತದೆ. ಸಲ್ಫೈಡಿನ ಗ್ಯಾಪ್ ಸುಮಾರು 2.42 ಎಲೆಕ್ಟ್ರಾನ್ ವೋಲ್ಟ್, ಅಂದರೆ 512 ನ್ಯಾನೋಮೀಟರ್. ಸೆಲೆನೈಡಿನದು 1.74, ಅಂದರೆ 713. ಅರ್ಧರ್ಧ ಬೆರೆಸಿದರೆ ಸರಾಸರಿ 2.08, ಅಂದರೆ 596. ಇಲ್ಲಿ ಸುಮ್ನೆ ಸರಾಸರಿ ಬರೆದು ಮುಗಿಸಬೇಡಿ! ನಿಜವಾದ ಗ್ಯಾಪ್ ಇನ್ನೂ ಸ್ವಲ್ಪ ಕಡಿಮೆ. ಬೆರಕೆಯ ಪ್ರಮಾಣಕ್ಕೆ ಗ್ಯಾಪ್ ಎಷ್ಟು ಅಂತ ಗ್ರಾಫ್ ಎಳೆದರೆ ಗೆರೆ ನೇರವಾಗಿರದೆ ಕೆಳಕ್ಕೆ ಬಾಗುತ್ತದೆ, ಇದಕ್ಕೇ ಬೋವಿಂಗ್ ಅನ್ನುವುದು. ಹಾಗಾಗಿ ಬಣ್ಣ ಕೆಂಪಿನ ಕಡೆ ವಾಲುತ್ತದೆ.

ಬೆರಕೆ ಸರಿಯಾಗಿಲ್ಲದಿದ್ದರೆ? ಉದ್ದು, ಅಕ್ಕಿ ಬೇರೆಬೇರೆ ಕಡೆದು ಸರಿಯಾಗಿ ಕಲಸದಿದ್ದರೆ ದೋಸೆ ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ಗಟ್ಟಿ. ತಂತಿಯಲ್ಲೂ ಹಾಗೇ. ಜಾಗಕ್ಕೊಂದು ಗ್ಯಾಪ್ ಆಗಿ ಸ್ಪೆಕ್ಟ್ರಮ್ಮಿನ ಶಿಖರ ಅಗಲವಾಗುತ್ತದೆ, ಅಂದರೆ ಒಂದೇ ಬಣ್ಣದ ಬದಲು ಅಕ್ಕಪಕ್ಕದ ಹಲವು ಬಣ್ಣ ಬರುತ್ತವೆ.

ಇನ್ನೊಂದು ಗೊಂದಲ: ತಂತಿ ತೆಳ್ಳಗಿರುವುದರಿಂದ ಬಣ್ಣ ಬದಲಾಯಿತು ಅನ್ನುವುದು. 100 ನ್ಯಾನೋಮೀಟರ್ ದಪ್ಪದ ತಂತಿಯಲ್ಲಿ ಆ ಪರಿಣಾಮ ಲೆಕ್ಕಕ್ಕಿಲ್ಲ. ತೆಳ್ಳಗಿನ ಲಾಭ ಬೇರೆ. ಇನ್ನೊಂದು ಬೆರಕೆ ನೋಡಿ: ಗ್ಯಾಲಿಯಂ ನೈಟ್ರೈಡಿಗೆ ಬಣ್ಣ ಬದಲಿಸಲು ಇಂಡಿಯಂ ಸೇರಿಸಿದರೆ ಪರಮಾಣುಗಳ ಅಂತರ ಹಿಗ್ಗುತ್ತದೆ. ಅಗಲವಾದ ಪದರದಲ್ಲಿ ಅದು ಕೆಳಗಿನ ಹರಳಿಗೆ ಹೊಂದದೆ ಬಿಗಿತ ಬಂದು ಹರಳಿನಲ್ಲಿ ದೋಷ ಮಾಡುತ್ತದೆ, ಬೆಳಕು ಕುಂದುತ್ತದೆ. ತಂತಿಯ ಪಕ್ಕಗಳು ಬಿಡುವಾಗಿರುವುದರಿಂದ ಬಿಗಿತ ಸಡಿಲವಾಗುತ್ತದೆ. ಇಂಡಿಯಂ ಜಾಸ್ತಿ ಹಾಕಬಹುದು.

ಬೆರಕೆ ಬಣ್ಣವನ್ನಷ್ಟೇ ಅಲ್ಲ, ಹೊಳಪನ್ನೂ ಬದಲಿಸುತ್ತದೆ. ಗ್ಯಾಲಿಯಂ ಆರ್ಸೆನೈಡ್ ಫಾಸ್ಫೈಡಿನಲ್ಲಿ ಫಾಸ್ಫರಸ್ ಸುಮಾರು ಶೇಕಡಾ 45 ದಾಟಿದರೆ ಗ್ಯಾಪ್ ಪರೋಕ್ಷವಾಗುತ್ತದೆ. ಆಮೇಲೆ ಎಲೆಕ್ಟ್ರಾನ್ ಇಳಿಯಲು ಹರಳಿನ ಕಂಪನದ ಸಹಾಯವೂ ಬೇಕು. ಅದು ಸಿಗುವುದು ಅಪರೂಪ, ಬೆಳಕು ಮಂಕಾಗುತ್ತದೆ.