ಪಾಡ್‌ಕಾಸ್ಟ್ ಆ್ಯಪ್‌ನಲ್ಲಿ ಹೆಸರಿಲ್ಲದ ಬಟನ್‌ಗಳು

ಪಾಡ್‌ಕಾಸ್ಟ್ ಕೇಳಲು ಕಣ್ಣು ಬೇಡ. ಆದರೆ ಅದನ್ನು ಹುಡುಕಿ, ಹಚ್ಚಿ, ಬೇಕಾದಾಗ ನಿಲ್ಲಿಸಲು ಒಂದು ಆ್ಯಪ್ ಬೇಕು. ಕಣ್ಣು ಕಾಣದವರಿಗೆ ತೊಡಕಾಗುವುದು ಅಲ್ಲೇ.

ಅವರ ಫೋನಿನಲ್ಲಿ ಪರದೆಯಲ್ಲಿ ಇರುವುದನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್ ಇರುತ್ತದೆ. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್. ಎರಡೂ ಫೋನಿಗೆ ಬಂದದ್ದು 2009ರಲ್ಲಿ. ವಿಂಡೋಸ್‌ನಲ್ಲಿ ಬಳಸುವ ಎನ್‌ವಿಡಿಎ ಅನ್ನು ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಶುರುಮಾಡಿದರು. ಅವರಿಗೂ ಕಣ್ಣು ಕಾಣುವುದಿಲ್ಲ. ಅದು ಈಗಲೂ ಉಚಿತ.

ಸ್ಕ್ರೀನ್ ರೀಡರ್ ಸಾಮಾನ್ಯವಾಗಿ ಪರದೆಯ ಚಿತ್ರ ನೋಡಿ ಓದುವುದಿಲ್ಲ. ಇದು ಬಟನ್, ಇದರ ಹೆಸರು 'ಪ್ಲೇ' ಎಂದು ಆ್ಯಪ್ ಒಳಗಿಂದ ಕೊಡುವ ವಿವರವನ್ನು ಓದುತ್ತದೆ. ಪ್ಲೇ ಬಟನ್ ಅಂದರೆ ಸುಮ್ನೆ ಒಂದು ತ್ರಿಕೋನ. ಅದಕ್ಕೆ ಹೆಸರು ಬರೆದಿಲ್ಲವಾದರೆ ಕಿವಿಗೆ ಬೀಳುವುದು 'ಬಟನ್', 'ಬಟನ್', 'ಬಟನ್'. ಇದರಲ್ಲಿ ಡಿಲೀಟ್ ಯಾವುದು? ಸರಿಮಾಡಲು ಬಟನ್‌ಗೆ ಒಂದೇ ಸಾಲು ಕೋಡ್ ಸಾಕು. ಇಷ್ಟು ಸಣ್ಣ ಕೆಲಸವನ್ನೂ ಬಿಟ್ಟುಬಿಡುತ್ತಾರಲ್ಲ ಎಂದು ನನಗೆ ನಿಜಕ್ಕೂ ಬೇಸರ. ಮುಂದೆ ಹಿಂದೆ ಎಳೆಯುವ ಪಟ್ಟಿಯದೂ ಇದೇ ಕಥೆ. '42 ಪರ್ಸೆಂಟ್' ಎಂದರೆ ಏನೂ ತಿಳಿಯುವುದಿಲ್ಲ. '18 ನಿಮಿಷ' ಎಂದರೆ ತಿಳಿಯುತ್ತದೆ.

ಪಾಡ್‌ಕಾಸ್ಟ್‌ಗೆ ಇನ್ನೊಂದು ಕಷ್ಟವೂ ಉಂಟು. ಮಾತಾಡುವವರ ದನಿ, ರೀಡರ್‌ನ ದನಿ, ಎರಡೂ ಒಂದೇ ಕಿವಿಗೆ ಬರುತ್ತವೆ. ಅದಕ್ಕೇ ರೀಡರ್ ಮಾತಾಡುವಾಗ ಉಳಿದ ಸದ್ದು ತಾನಾಗಿ ತಗ್ಗುವ ಏರ್ಪಾಡು ಮಾಡಿದ್ದಾರೆ. ವೆಬ್ ಪುಟಗಳನ್ನು ಅಂಗವಿಕಲರೂ ಬಳಸುವಂತಿರಬೇಕು ಎನ್ನುವ ಡಬ್ಲ್ಯುಸಿಎಜಿ ನಿಯಮವೂ ಇದನ್ನು ಗಮನಿಸಿದೆ: ತಾನಾಗಿ ಶುರುವಾದ ಸದ್ದು 3 ಸೆಕೆಂಡ್‌ಗಿಂತ ಜಾಸ್ತಿ ಇದ್ದರೆ ಅದನ್ನು ನಿಲ್ಲಿಸಲು ಇಲ್ಲವೇ ತಗ್ಗಿಸಲು ದಾರಿ ಇರಬೇಕು. ನಿಲ್ಲಿಸುವ ಬಟನ್ ಹುಡುಕಲು ರೀಡರ್ ಮಾತು ಕೇಳಿಸಬೇಕು, ಆ ಮಾತನ್ನೇ ಸದ್ದು ಮುಚ್ಚಿಹಾಕಿದರೆ ಏನು ಮಾಡುವುದು? ಐಫೋನಿನ ವಾಯ್ಸ್‌ಓವರ್‌ನಲ್ಲಿ ಇದಕ್ಕೆ ಚಂದದ ಉಪಾಯವಿದೆ. ಪರದೆಯ ಮೇಲೆ ಎಲ್ಲಾದರೂ ಎರಡು ಬೆರಳಿನಿಂದ ಎರಡು ಸಲ ತಟ್ಟಿದರೆ ಸಾಕು, ಆಡಿಯೋ ನಿಲ್ಲುತ್ತದೆ. ಬಟನ್ ಹುಡುಕುವ ಗೋಜೇ ಇಲ್ಲ.

ಕನ್ನಡ ಪಾಡ್‌ಕಾಸ್ಟ್ ಮಾಡುವವರ ಪಾಲೂ ಇದರಲ್ಲಿದೆ. ಕನ್ನಡ ಬಾರದ ಇಂಗ್ಲಿಷ್ ದನಿ ಕನ್ನಡ ಶೀರ್ಷಿಕೆಯನ್ನು ಸರಿಯಾಗಿ ಓದಲಾರದು. ಪಾಡ್‌ಕಾಸ್ಟ್ ಹಂಚುವ ಆರ್‌ಎಸ್‌ಎಸ್ ಫೀಡ್ ಎಂಬ ಫೈಲ್‌ನಲ್ಲಿ ಭಾಷೆ ಯಾವುದೆಂದು ಬರೆಯಲು ಜಾಗವಿದೆ. ಅಲ್ಲಿ ಕನ್ನಡ ಎಂದು ಹಾಕಿ, ಆ್ಯಪ್ ಅದನ್ನು ರೀಡರ್‌ಗೆ ತಿಳಿಸಿದರೆ, ಫೋನಿನಲ್ಲಿರುವ ಕನ್ನಡ ದನಿಯೇ ಶೀರ್ಷಿಕೆ ಓದಬಹುದು. ನಿಮ್ಮ ಫೀಡ್‌ನಲ್ಲಿ ಈಗ ಯಾವ ಭಾಷೆ ಇದೆ, ಒಮ್ಮೆ ನೋಡಿಕೊಳ್ಳಿ.